ಬೆನ್ನ ಮೇಲಿನ ಬಿಳಿ ಚುಕ್ಕೆ

ಆಗಸ್ಟ್ 5, ಸೋಮವಾರ

ಎದ್ದವಳೇ ಹಿತ್ತಲಿಗೆ. ನುಗ್ಗೆ ಎಲೆಯ ಮೇಲೆ ನಿನ್ನೆಯ ಜೇಡವೇ ಕೂತಿತ್ತು. ಜಿಗಿಯುವ ಜಾತಿಯದು, ಸಾಸಿವೆಗಿಂತ ಒಂದಿಷ್ಟು ದಪ್ಪ. ಹಳೇ ಲೆನ್ಸನ್ನು ಕ್ಯಾಮೆರಾಗೆ ಹಿಂದುಮುಂದಾಗಿ ಹಾಕಿಕೊಂಡಿದ್ದೇನೆ — ಬಡವರ ಮ್ಯಾಕ್ರೋ. ಹಾಗೆ ಹಾಕಿದ ಮೇಲೆ ಫೋಕಸ್ ರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ನಾನೇ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಉಸಿರು ಹಿಡಿದು ಒತ್ತಬೇಕು. ಉಸಿರು ಬಿಟ್ಟರೆ ಕಣ್ಣು ಮಂಜಾಗಿ, ಹಿಂಗಾಲಿನ ರೋಮ ಶಾರ್ಪ್ ಆಗಿರುತ್ತದೆ. ಅಂಥವನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಡಿಲೀಟ್. ಎದುರಿಗಿದ್ದರೆ ನನಗೆ ತಡೆಯುವುದಿಲ್ಲ.

“ಜೇಡದ ಮುಖ ನೋಡ್ತಾ ಕೂತರೆ ಗಂಡಿನ ಮುಖ ಯಾವಾಗ ನೋಡ್ತೀ?” ಎಂದಳು ಅಮ್ಮಿ, ಅಡುಗೆಮನೆಯ ಕಿಟಕಿಯಿಂದ. ಜೇಡಕ್ಕೆ ಎಂಟು ಕಣ್ಣು, ಗಂಡಿಗೆ ಎರಡೇ, ಯಾವುದು ಒಳ್ಳೆಯದು ನೀನೇ ಹೇಳು ಎಂದೆ. ಚಪಾತಿ ಹಿಟ್ಟಿನ ಉಂಡೆ ಹಾರಿ ಬಂತು.

ಆಮೇಲೆ ಚಾಚಾನ ಸ್ಟುಡಿಯೋ. ಮದುವಣಗಿತ್ತಿಯ ಮುಖದಿಂದ ಮೊಡವೆ ತೆಗೆಯುವುದೇ ನನ್ನ ಉದ್ಯೋಗ. ಒಂದು ಚುಕ್ಕೆ ಕಂಡರೆ ಒಂದು ಕ್ಲಿಕ್. “ಮಚ್ಚೆ ಬಿಡು, ಅದು ಅಲ್ಲಾಹನ ಕೆಲಸ. ಉಳಿದಿದ್ದೆಲ್ಲ ತೆಗಿ,” ಎನ್ನುತ್ತಾರೆ ಅಮಾನುಲ್ಲಾ ಚಾಚಾ. ಈಗೀಗ ಬೆರಳು ನನ್ನನ್ನು ಕೇಳುವುದೇ ಇಲ್ಲ. ಚುಕ್ಕೆ ಕಂಡರೆ ತಾನೇ ಹೋಗುತ್ತದೆ.

ಆಗಸ್ಟ್ 8, ಗುರುವಾರ

ಹರಿತಾ ಫೋನ್ ಮಾಡಿದ್ದಳು. ಡಿಗ್ರಿಯ ಮೂರು ವರ್ಷವೂ ನನ್ನ ಪಕ್ಕ ಕೂತವಳು. ದಿಬ್ಬೂರಹಳ್ಳಿಯ ಆಚೆ ಅವರ ತೋಟ, ತೋಟದಲ್ಲೇ ರೇಷ್ಮೆಹುಳ ಸಾಕುವ ಹುಳದ ಮನೆ.

“ಅಂಬ್ರೀ, ಭಾನುವಾರ ಬಾರೇ. ಹುಳ ನಾಕನೇ ಜ್ವರ ಏಳ್ತವೆ. ಅವಾಗ ನೋಡ್ಬೇಕು ಅವುಗಳ ಮೈ. ನಿನ್ನ ಕ್ಯಾಮೆರಾಗೆ ಹಬ್ಬ ಕಣೇ.”

ಜ್ವರವೆಂದರೆ ಕಾಯಿಲೆಯಲ್ಲ. ರೇಷ್ಮೆಹುಳ ಮೇವು ಬಿಟ್ಟು ಅಲ್ಲಾಡದೆ ಮಲಗಿ, ಹಳೇ ಚರ್ಮ ಕಳಚಿ ಏಳುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಆಮೇಲೆ ವಾರವೆಲ್ಲ ತಿಂದು ಗೂಡು ಕಟ್ಟುತ್ತವೆ.

ಈ ಬೆಳೆ ಪೂರ್ತಿ ಹರಿತಾಳದೇ ಜವಾಬ್ದಾರಿ. ಅವಳಪ್ಪ ರಮೇಶ್‌ಬಾಬು ಹೇಳಿದ್ದಾರಂತೆ — ತಪ್ಪಿಲ್ಲದೆ ಗೂಡು ಕಟ್ಟಿಸಿ ತೋರಿಸು, ಹುಳದ ಮನೆಯ ಬೀಗದ ಕೈ ನಿನ್ನದು, ಮದುವೆ ಮಾತು ಎತ್ತುವುದಿಲ್ಲ. ಏನಾದರೂ ಹಾಳಾಯಿತೋ, ಗೌರಿಬಿದನೂರಿನವರಿಗೆ ಹೂಂ ಅನ್ನುತ್ತೇನೆ. ಗೌರಿಬಿದನೂರಿನ ಗಂಡು ನೋಡಲು ಬಂದಾಗ ಕಾಫಿ ಆರುವವರೆಗೂ ಫೋನ್ ನೋಡುತ್ತಿದ್ದನಂತೆ. “ನನ್ನ ಹುಳಗಳಾದ್ರೂ ತಲೆ ಎತ್ತಿ ನೋಡ್ತವೆ,” ಎಂದಳು.

ಗೂಡು ಮಾರುವ ದಿನ ಮಾರ್ಕೆಟ್ಟಿಗೆ ಅವಳೇ ಬರುತ್ತಾಳಂತೆ. ಅಲ್ಲಿಂದ ಇಬ್ಬರೂ ಮಸಾಲೆದೋಸೆಗೆ. ಈಗಲೇ ತೀರ್ಮಾನವಾಗಿದೆ.

ನನಗೂ ಒಂದು ಒಳ್ಳೆಯ ಚಿತ್ರ ಬೇಕು. ಚಿಕ್ಕಬಳ್ಳಾಪುರದ ಫೋಟೋ ಕ್ಲಬ್ಬಿನವರ ಸ್ಪರ್ಧೆಗೆ ಸೋಮವಾರ ಕೊನೆಯ ದಿನ.

ಆಗಸ್ಟ್ 10, ಶನಿವಾರ

ಅಮ್ಮಿಗೆ ಹೇಳಿದೆ. ಸೊಪ್ಪು ಸೋಸುತ್ತಿದ್ದ ಕೈ ನಿಂತಿತು.

“ಅವರ ಮನೆಗೆ ಹೋಗು, ಊಟ ಮಾಡು, ಬಾ. ಹುಳದ ಮನೆಯೊಳಗೆ ಕಾಲಿಡಬೇಡ.”

ಯಾಕೆ ಎಂದೆ.

“ಹುಳ ಬಹಳ ಸೂಕ್ಷ್ಮ. ಏನಾದರೂ ಆದರೆ ಯಾರು ಬಂದಿದ್ದರು ಅಂತ ಕೇಳ್ತಾರೆ. ಬೇರೆಯವರು ಹೋದರೆ ಅವರ ಕಾಲ್ಗುಣ ಅಂದು ಸುಮ್ಮನಾಗ್ತಾರೆ. ನೀನು ಹೋದರೆ ನಮ್ಮ ಮನೆ, ನಮ್ಮ ಬೀದಿ, ನಮ್ಮವರೆಲ್ಲರ ಹೆಸರೂ ಬರುತ್ತೆ. ಕಾಲ ಹೇಗಿದೆ ನೋಡ್ತಿದ್ದೀಯಲ್ಲ.”

ಹರಿತಾಳ ಮನೆಯವರು ಅಂಥವರಲ್ಲ ಅಮ್ಮಿ, ಎಂದೆ. ಅವರನ್ನು ನಾನು ಅಂದೆನೇ, ಎಂದಳು. ಅಮ್ಮಿಯ ಭಯ ಅಂಟುಜಾಡ್ಯ. ಹಂಚಿಕೊಳ್ಳಬಾರದು ಎಂದುಕೊಂಡೇ ಮಲಗಿದೆ. ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದೂ ಅದಕ್ಕೇ, ಅಮ್ಮಿಗೆ ಓದಲು ಬರುವುದು ಉರ್ದು ಒಂದೇ.

ಆಗಸ್ಟ್ 11, ಭಾನುವಾರ, ಸಂಜೆ

ಹೋಗಿ ಬಂದೆ. ಒಳಗೂ ಹೋದೆ.

ಬಾಗಿಲಲ್ಲೇ ಹರಿತಾಳ ಅಮ್ಮ ಲಕ್ಷ್ಮಿದೇವಮ್ಮ ತಡೆದರು. ಚಪ್ಪಲಿ ಹೊರಗೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿ, ಕೈ ತೊಳೆದು, ಒಳಗಿನ ಚಪ್ಪಲಿ ಮೆಟ್ಟಬೇಕು.

“ಏಮ್ಮಾ ಅಂಬ್ರೀನು, ಹುಳಕ್ಕೆ ಕಣ್ಣು ತಾಕ್ತದೆ ಕಣಮ್ಮ. ನಿಂದು ಎರಡು ಕಣ್ಣು ಸಾಲ್ದು ಅಂತ ಇದೊಂದು ಮೂರನೇದು ಬೇರೆ ತಂದಿದೀಯ.”

“ಈ ಕಣ್ಣಿಗೆ ಹೊಟ್ಟೆಕಿಚ್ಚು ಇಲ್ಲ ಆಂಟಿ,” ಎಂದೆ. ನಕ್ಕರು. ಆದರೂ ಲೆನ್ಸಿನ ಮುಂದೆ ಕೈ ತಿರುಗಿಸಿ ನೆಟಿಗೆ ಮುರಿದರು.

ಒಳಗೆ ಬೆಚ್ಚಗೆ, ಎಲೆ ವಾಸನೆ. ಹುಳ ಮೇಯುವ ಸದ್ದು ತುಂತುರು ಮಳೆಯಂತೆ ಎನ್ನುತ್ತಾರೆ. ನನಗೆ ಮದುವೆ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಹಪ್ಪಳ ಮುರಿದ ಹಾಗೆ ಕೇಳಿತು. ಸ್ಟ್ಯಾಂಡಿನ ಮೇಲೆ ಸ್ಟ್ಯಾಂಡು, ಸಾವಿರಾರು ಹುಳ, ಹೊಸ ಚರ್ಮ. ಜ್ವರದಲ್ಲಿದ್ದಾಗ ಉದುರಿಸಿದ ಸುಣ್ಣದ ಪುಡಿ ಅಲ್ಲಲ್ಲಿ ಮೈಗೆ ಅಂಟಿತ್ತು. ಕಿಟಕಿಗೆಲ್ಲ ಸೊಳ್ಳೆಪರದೆಯಂಥ ಹಸಿರು ನೆಟ್.

ಒಂದು ಹುಳ ಸಿಕ್ಕಿತು, ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ. ತಲೆಯೆತ್ತಿ ಕೂತಿತ್ತು, ಯಾರೋ ಕರೆದರೆಂಬಂತೆ. ಕಣ್ಣಿನ ಹಾಗೆ ಕಾಣುವ ಕಂದು ಗುರುತಿನಲ್ಲಿ ಎಡಗಡೆಯದು ತುಂಡಾಗಿತ್ತು. ಮುದ್ದು ಬಂತು. ಆದರೆ ಬೆಳಕು ಕೆಟ್ಟದು. ನೆಟ್ಟಿನ ನೆರಳು ಚೌಕಚೌಕವಾಗಿ ಅದರ ಮೈಮೇಲೆಲ್ಲ ಬಿದ್ದಿತ್ತು. ಫ್ಲ್ಯಾಶ್ ಹಾಕಿದರೆ ಬೆನ್ನು ಸುಟ್ಟ ಹಾಗೆ ಬೆಳ್ಳಗೆ. ಹರಿತಾ ಸೊಪ್ಪು ತರಲು ಹೊರಗೆ ಹೋಗಿದ್ದಳು. ನೆಟ್ಟಿನ ಕೆಳಮೂಲೆ ಎತ್ತಿ, ಮಡಿಸಿ ಸಿಕ್ಕಿಸಿದೆ. ಒಂದೇ ಗಳಿಗೆಗೆ ಎಂದುಕೊಂಡು. ಎಂಥ ಬೆಳಕು ಬಂತು… ಹಾಲಿನಂಥ ಬೆಳಕು. ಮೊಣಕೈ ಊರಿ, ಉಸಿರು ಹಿಡಿದು, ಎಷ್ಟು ತೆಗೆದೆನೋ ಗೊತ್ತಿಲ್ಲ. ಹೊತ್ತು ಹೋದದ್ದೂ ಗೊತ್ತಾಗಲಿಲ್ಲ.

ಹರಿತಾ ಸೊಪ್ಪಿನ ಹೊರೆ ತಂದು ಕೂಗಿದಳು. ಎದ್ದು ಹೋಗಿ ಕೈಕೊಟ್ಟೆ. ಇಬ್ಬರೂ ಸೊಪ್ಪು ಹರಡಿದೆವು. ಆಮೇಲೆ ಮುದ್ದೆ, ಸೊಪ್ಪಿನ ಸಾರು, ಬಸ್ಸು.

ಬಸ್ಸಿನಲ್ಲಿ ದುಪಟ್ಟಾದೊಳಗೆ ಕೂದಲು ಬಿಚ್ಚಿಹೋಗಿತ್ತು. ಕ್ಲಿಪ್ ಎಲ್ಲೋ ಬಿದ್ದಿದೆ. ಹೋಗಲಿ, ಒಂದು ಹಲ್ಲು ಮುರಿದ ಹಳೇದು.

ಆಗಸ್ಟ್ 12, ಸೋಮವಾರ, ಮಧ್ಯಾಹ್ನ

ಚಿತ್ರ ಕಳಿಸಿದೆ. ಇಷ್ಟು ದಿನದಲ್ಲಿ ಇದೇ ಒಳ್ಳೆಯದು. ಫೋಕಸ್ ಸರಿಯಾಗಿ ಮುಖದ ಮೇಲೆ. ಬಲಗಡೆ ಹಿಂದೆ ಕಿಟಕಿಯ ಬೆಳಕು ಕಣ್ಣು ಕುಕ್ಕುತ್ತಿತ್ತು. ಕ್ರಾಪ್ ಮಾಡಿ ಚೌಕ ಮಾಡಿದೆ. ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ, ಮಸುಕಾಗಿ. ಸುಣ್ಣ ಇರಬೇಕು. ಒಂದು ಕ್ಲಿಕ್ಕಿಗೆ ಹೋಯಿತು. ಫೋಕಸ್ ತಪ್ಪಿದವನ್ನೆಲ್ಲ ಡಿಲೀಟ್ ಮಾಡಿದೆ.

ಚಾಚಾ ಕನ್ನಡಕ ಏರಿಸಿ ನೋಡಿದರು. “ಮದುಮಗಳಿಗಿಂತ ನುಣ್ಣಗಿದೆಯಲ್ಲೇ.” ಹರಿತಾ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಾಳೆ — ‘ನನ್ನ ಮಗು’ ಅಂತ.

ಅದೇ ದಿನ, ಸಂಜೆ

ಅಕ್ಷರ ನನ್ನವೇ ಅನಿಸುತ್ತಿಲ್ಲ.

ಅಬ್ಬ ಚಹಾ ಕುಡಿಯುತ್ತಾ ಮಾತಿಗೆ ಹೇಳಿದರು. ನೂಲು ಬಿಚ್ಚುವ ನಮ್ಮ ಶೆಡ್ಡಿಗೆ ಬಂದ ಗೂಡಿನಲ್ಲಿ ತೂತು ಬಿದ್ದವು ಜಾಸ್ತಿಯಂತೆ. “ಊಜಿ ನೊಣ ಎದ್ದಿದೆ. ಹುಳದ ಬೆನ್ನ ಮೇಲೆ ಮೊಟ್ಟೆ ಇಟ್ಟು ಹೋಗುತ್ತೆ. ಮರಿ ಚರ್ಮ ಕೊರೆದು ಒಳಗೆ ಹೋಗಿ, ಒಳಗಿಂದಲೇ ತಿನ್ನುತ್ತೆ. ಮೊಟ್ಟೆ ಇದ್ದಾಗಲೇ ಕಂಡರೆ ಔಷಧಿ ಉಂಟು. ಆದರೆ ಯಾರ ಕಣ್ಣಿಗೆ ಕಾಣುತ್ತೆ? ಸುಣ್ಣದ ಪುಡಿ ಹಾಗೇ ಇರುತ್ತೆ ಅದು.”

ಲೋಟ ಅಲ್ಲೇ ಬಿಟ್ಟು ಎದ್ದೆ.

ಮೂಲ ಫೈಲ್ ತೆರೆದೆ. ಚುಕ್ಕೆ ಇದೆ. ದೊಡ್ಡದು ಮಾಡಿದಷ್ಟೂ ಮಂಜು. ಫೋಕಸ್ ಮುಖದ ಮೇಲಿದ್ದರೆ ಬೆನ್ನು ಎಲ್ಲಿ ಕಾಣಬೇಕು? ಸುಣ್ಣವೂ ಇರಬಹುದು. ಮೊಟ್ಟೆಯೂ ಇರಬಹುದು. ಆಗ ಡಿಲೀಟ್ ಮಾಡಿದವು ನೆನಪಾದವು. ಕಸದ ಬುಟ್ಟಿಯಿಂದ ಒಂದೊಂದಾಗಿ ಎತ್ತಿದೆ. ಒಂದರಲ್ಲಿ ನಾನು ಹಿಂದಕ್ಕೆ ಅಲ್ಲಾಡಿ, ಮುಖ ಹೋಗಿ, ಬೆನ್ನು ಶಾರ್ಪ್ ಆಗಿದೆ. ಸುಣ್ಣಕ್ಕೆ ಅಂಚು ಒಡೆದಿರುತ್ತದೆ. ಇದು ನುಣ್ಣಗೆ, ಉದ್ದುದ್ದಕ್ಕೆ, ಸಣ್ಣಕ್ಕಿ ನುಚ್ಚಿನ ಹಾಗೆ. ಪಕ್ಕದಲ್ಲಿ ಇನ್ನೊಂದು.

ನೆಟ್ ಎತ್ತುವ ಮುಂಚಿನ ಫ್ರೇಮುಗಳನ್ನು ನೋಡಬಾರದು ಎಂದುಕೊಂಡೆ. ನೋಡಿದೆ. ಅದೇ ಹುಳ, ಅದೇ ತುಂಡು ಗುರುತು, ಮೈಮೇಲೆ ಚೌಕದ ನೆರಳು. ಬೆನ್ನು ಸ್ವಚ್ಛ.

ನಾನೇ. ನಾನೇ ಒಳಗೆ ಬಿಟ್ಟೆ.

ಹರಿತಾಳಿಗೆ ಈಗಲೇ ಹೇಳಬೇಕು. ಹೇಳಿದರೆ ಏನು ಹೇಳಲಿ? ಮೊಟ್ಟೆ ಇದೆ ಅಂತಲೋ, ನೊಣಕ್ಕೆ ಬಾಗಿಲು ತೆಗೆದವಳು ನಾನು ಅಂತಲೋ? ಅಮ್ಮಿ ಒಳಗೆ ನಮಾಜಿಗೆ ಕೂತಿದ್ದಾಳೆ. ಅವಳ ಮಾತೇ ಕಿವಿಯಲ್ಲಿ — ನಮ್ಮ ಮನೆ, ನಮ್ಮ ಬೀದಿ.

ಚಿತ್ರ ಕಳಿಸಿದೆ. ಬರೀ ಬೆನ್ನು, ಬರೀ ಮೊಟ್ಟೆ. ಉಳಿದದ್ದನ್ನು ಕ್ರಾಪ್ ಮಾಡಿ. ‘ಇದು ಊಜಿನಾ ನೋಡೇ, ಬೇಗ’ ಎಂದಷ್ಟೇ ಬರೆದೆ.

ಆಗಸ್ಟ್ 13, ಮಂಗಳವಾರ

ಊಜಿಯೇ. ಬೆಳಗ್ಗೆಯೇ ಔಷಧಿ ಪುಡಿ ತಂದು ಉದುರಿಸಿದ್ದಾರೆ. ಹರಿತಾ ಮತ್ತು ಅವಳಮ್ಮ ಕೂತು ಹುಳ ಆರಿಸುತ್ತಿದ್ದಾರಂತೆ.

“ನೀನು ಉಳಿಸ್ದೆ ಕಣೇ. ಅಮ್ಮ ನಿನ್ನ ಮೂರನೇ ಕಣ್ಣಿಗೆ ಕೈ ಮುಗೀತೀನಿ ಅಂತಾವ್ರೆ.”

ನಗಬೇಕಿತ್ತು, ನಕ್ಕೆ.

“ಎಲ್ಲಿಂದ ಬಂತೋ ಗೊತ್ತಾಗ್ತಿಲ್ಲ. ಬಾಗ್ಲಲ್ಲೇ ಬಂದಿರ್ಬೇಕು ಅಂತ ಅಪ್ಪ ಬಾಗ್ಲಿಗೆ ಇನ್ನೊಂದು ನೆಟ್ ಹೊಡೀತಾವ್ರೆ.”

ಫೋನಿಟ್ಟ ಮೇಲೆ ಆ ಮಾತು ಕುಟುಕಿತು. ಬಾಗಿಲಿಗೆ ಇನ್ನೊಂದು ನೆಟ್. ಕಿಟಕಿಗೆ? ನಾನು ಕಿಟಕಿಯ ನೆಟ್ಟನ್ನು ಮತ್ತೆ ಇಳಿಸಿದೆನೇ?

ನೆನಪಿಲ್ಲ. ಪೂರ್ತಿ ಫ್ರೇಮ್ ತೆರೆದು ನೋಡಿದೆ. ನಾನು ಕತ್ತರಿಸಿ ಎಸೆದ ಬಲಗಡೆ, ಕಿಟಕಿ. ಮಡಿಸಿದ ನೆಟ್ಟಿನ ಮೂಲೆ. ಅದನ್ನು ಹಿಡಿದುಕೊಂಡು ಒಂದು ಕೆಂಪು ಮಸುಕು. ಮಂಜಾಗಿದ್ದರೇನು, ನನ್ನ ತಲೆಯ ಕ್ಲಿಪ್ ನನಗೆ ಗೊತ್ತಾಗುವುದಿಲ್ಲವೇ.

ಬಸ್ಸಿನಲ್ಲಿ ಬಿದ್ದಿಲ್ಲ ಅದು. ಇನ್ನೂ ಅಲ್ಲೇ ಇದೆ. ನೆಟ್ ಇನ್ನೂ ತೆರೆದೇ ಇದೆ. ಸ್ಟ್ಯಾಂಡಿನ ಹಿಂದಿನ ಮೂಲೆ, ಯಾರ ಕಣ್ಣೂ ಹೋಗುವುದಿಲ್ಲ.

ಒಂದು ಫೋನ್ ಸಾಕು. ‘ಹಿಂದಿನ ಕಿಟಕಿ ನೋಡೇ’ ಎಂದರೆ ಮುಗಿಯಿತು. ನಾಲ್ಕು ಸಲ ನಂಬರ್ ಒತ್ತಿ ಕತ್ತರಿಸಿದೆ. ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ಬಿಸಿತುಪ್ಪ ಬಾಯಲ್ಲಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಾಳೆ ನಾನೇ ಹೋಗಿ ಸದ್ದಿಲ್ಲದೆ ತೆಗೆದುಬಿಡುತ್ತೇನೆ. ಯಾರಿಗೂ ತಿಳಿಯಬೇಕಾಗಿಲ್ಲ.

ಆಗಸ್ಟ್ 14, ಬುಧವಾರ

ಆಗಲಿಲ್ಲ.

ನೆಪಕ್ಕೆ ಫೋಟೋ ಪ್ರಿಂಟ್ ಮಾಡಿಸಿ ಒಯ್ದೆ. ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕೂತು ಎರಡೂ ಕೈಯಲ್ಲಿ ಹಿಡಿದು ನೋಡಿದರು.

“ನೋಡೇ, ಬೆನ್ನು ಹೆಂಗೆ ಬೆಣ್ಣೆ ಇದ್ದಂಗದೆ. ಒಂದು ಕಲೆ ಇಲ್ಲ.”

ನಾನು ನೆಲ ನೋಡಿದೆ.

ಒಳಗೆ ಒಂದು ಸಲ ಹೋಗಿ ನೋಡಿ ಬರಲೇ ಆಂಟಿ ಎಂದೆ. ತಲೆಯಾಡಿಸಿದರು. “ಬ್ಯಾಡಮ್ಮ. ಇನ್ನು ಗೂಡು ಕಟ್ಟೋಗಂಟ ಯಾರನ್ನೂ ಬಿಡಂಗಿಲ್ಲ. ನಮ್ಮ ಯಜಮಾನ್ರನ್ನೂ ಬಿಡ್ತಿಲ್ಲ ನಿನ್ನ ಗೆಳತಿ.” ಹರಿತಾ ಒಳಗಿನಿಂದಲೇ ಕೂಗಿ ಮಾತಾಡಿಸಿದಳು. ದನಿ ಸೋತಿತ್ತು.

ಬಸ್ಸಿಗೆ ಹೊರಟವಳ ಹಾಗೆ ಮಾಡಿ ಹುಳದ ಮನೆಯ ಹಿಂದೆ ಹೋದೆ. ಕಿಟಕಿ ಸಿಕ್ಕಿತು. ಮೂಲೆ ಹಾಗೇ ಬಾಯಿಬಿಟ್ಟುಕೊಂಡಿದೆ. ಸರಳಿನ ಸಂದಿಯಲ್ಲಿ ಕೈ ತೂರಿಸಿದೆ. ಕ್ಲಿಪ್ ಕಾಣುತ್ತದೆ, ಬೆರಳ ತುದಿಗೆ ಸಿಗುವುದಿಲ್ಲ. ಕೈಗೆ ಏನೋ ತಾಕಿ ಝೊಯ್ ಎಂದು ಒಳಗೆ ಹೋಯಿತು. ಬೂದುಬಣ್ಣದ ನೊಣ. ಕೂಗಿಕೊಳ್ಳದಂತೆ ತುಟಿ ಕಚ್ಚಿದೆ.

“ಏನಮ್ಮ ಅಲ್ಲಿ?”

ರಮೇಶ್‌ಬಾಬು. ಬೈಕ್ ನಿಲ್ಲಿಸಿಕೊಂಡು ನಿಂತಿದ್ದರು. ಕೈ ಹೊರಗೆಳೆದುಕೊಂಡೆ.

“ಚಿಟ್ಟೆ ಅಂಕಲ್. ಫೋಟೋ ತೆಗೀತಿದ್ದೆ.”

ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಅವರು ಬ್ಯಾಗ್ ನೋಡಿದರು, ನನ್ನ ಕೈ ನೋಡಿದರು.

“ಚಿಟ್ಟೆಗಳೂ ನಮ್ಮ ಹುಳದ ಮನೆ ಹಿಂದ್ಗಡೇನೇ ಬರ್ಬೇಕಾ,” ಎಂದು ನಕ್ಕರು. ನಗುವೋ ಅಲ್ಲವೋ ಗೊತ್ತಾಗಲಿಲ್ಲ. ನಾನು ರಸ್ತೆಗೆ ಸೇರುವವರೆಗೂ ಅಲ್ಲೇ ನಿಂತಿದ್ದರು.

ಅವರಿಗೆ ಅಲ್ಲೇ ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಹೆದರಿಕೆ ಎಂದರೆ ಎದೆ ಹೊಡೆದುಕೊಳ್ಳುವುದು ಎಂದುಕೊಂಡಿದ್ದೆ. ಅದಲ್ಲ. ಬಾಯಿ ಬೇರೆ ಯಾರದೋ ಆಗಿಬಿಡುತ್ತದೆ.

ಆಗಸ್ಟ್ 17, ಶನಿವಾರ

ಎರಡು ದಿನ ಬರೆಯಲಿಲ್ಲ. ಜ್ವರ ಎಂದು ಚಾಚಾಗೆ ಹೇಳಿ ಮಲಗಿದ್ದೆ. ಸುಳ್ಳೇನೂ ಅಲ್ಲ.

ಹರಿತಾಳೇ ಫೋನ್ ಮಾಡಿದಳು. ಕಪ್ಪು ಚುಕ್ಕೆ ಬಿದ್ದ ಹುಳ ಸಿಗುತ್ತಿವೆಯಂತೆ. ಮರಿ ಒಳಗೆ ಹೋದ ಗುರುತು.

“ಕಿಟ್ಕಿ ಕಡೆ ಸ್ಟ್ಯಾಂಡು ಅಷ್ಟೂ ತೆಗ್ದು ಹೂತ್ವಿ. ಜೀವ ಇದ್ದವೂ ಇದ್ವು. ತಲೆ ಎತ್ತಿ ನೋಡ್ತಿದ್ವು ಕಣೇ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

“ಉಳಿದಿದ್ದು ಹೆಂಗೋ ಹಣ್ಣಾಗಿ ಗೂಡು ಕಟ್ತವೆ. ಎಲ್ಲೋ ನೆಟ್ ಬಿಟ್ಕೊಂಡಿತ್ತು ಅಂಬ್ರೀ. ಈಗ ಮುಚ್ಚಿದೀವಿ.”

ಯಾರು ನೋಡಿದ್ದು, ಏನು ಸಿಕ್ಕಿತು ಎಂದು ಕೇಳುವ ಧೈರ್ಯವಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತದೆ.

ಆ ಕಡೆ ಪಂಪಿನ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿದಳು, ಮೆಲ್ಲಗೆ —

“ನಿಂಗೇನಾದ್ರೂ ಗೊತ್ತಾ?”

“ಇಲ್ಲ,” ಎಂದೆ.

ಅಷ್ಟು ಬೇಗ ಬಂತು. ಚುಕ್ಕೆ ತೆಗೆದಷ್ಟು ಬೇಗ.

“ಸರಿ ಬಿಡೇ,” ಎಂದಳು. ಫೋನಿಟ್ಟಳು.

ಆಗಸ್ಟ್ 18, ಭಾನುವಾರ

ಫೋಟೋ ಕ್ಲಬ್ಬಿನಿಂದ ಮೇಲ್. ನನ್ನ ಚಿತ್ರ ಕೊನೆಯ ಸುತ್ತಿಗೆ ಬಂದಿದೆಯಂತೆ. ತಿದ್ದದ, ಕ್ರಾಪ್ ಮಾಡದ ಮೂಲ ಫೈಲ್ ಕಳಿಸಿ, ತಾಳೆ ನೋಡಬೇಕು ಎಂದಿದ್ದಾರೆ.

ಮೂಲ ಫೈಲ್ ಕೇಳುತ್ತಾರೆ. ಬೇರೆಲ್ಲ ಬಿಟ್ಟು.

ಉತ್ತರ ಬರೆಯಲಿಲ್ಲ. ಫೈಲನ್ನೇ ಅಳಿಸಿಬಿಡೋಣ ಎಂದು ಮೌಸ್ ಅದರ ಮೇಲೆ ಇಟ್ಟೆ. ಇಷ್ಟು ದಿನ ಎಷ್ಟು ಸಾವಿರ ಅಳಿಸಿದ್ದೇನೆ. ಇದೊಂದಕ್ಕೆ ಬೆರಳು ಹೋಗಲಿಲ್ಲ. ಇಟ್ಟುಕೊಳ್ಳಲೂ ಭಯ, ಅಳಿಸಲೂ ಭಯ.

ಆಗಸ್ಟ್ 26, ಸೋಮವಾರ

ಇಷ್ಟು ದಿನ ಕ್ಯಾಮೆರಾ ಮುಟ್ಟಿಲ್ಲ. ನುಗ್ಗೆ ಗಿಡದ ಕಡೆ ಹೋಗಿಲ್ಲ. ಬೀದಿಯಲ್ಲಿ ಬೈಕ್ ನಿಂತರೆ ಕಿಟಕಿಗೆ ಓಡುತ್ತೇನೆ. ಅಮ್ಮಿ ಎರಡು ಸಲ ಹಣೆ ಮುಟ್ಟಿ ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಅಬ್ಬ ಮಾರ್ಕೆಟ್ಟಿನಿಂದ ಬಂದು, “ನಿನ್ನ ಗೆಳತಿಯ ಅಪ್ಪ ಸಿಕ್ಕಿದ್ದರು. ಗೂಡು ತಂದಿದ್ದರು. ಚೆನ್ನಾಗಿತ್ತು, ಆದರೆ ಕಡಿಮೆ,” ಎಂದರು.

“ಹರಿತಾ?”

“ಅವರೊಬ್ಬರೇ ಇದ್ದರು.”

ಮಸಾಲೆದೋಸೆ ತಿನ್ನುವ ದಿನ ಇವತ್ತು. ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದೆ. ಎತ್ತಲಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಚಾಚಾ ಬೆಳಗ್ಗೆ ಖುಷಿಯಲ್ಲಿದ್ದರು. ಹೊಸ ಆರ್ಡರ್.

“ನಿನ್ನ ಕಾಲೇಜು ಗೆಳತಿಯದೇ ಬೇಟಿ. ರಮೇಶ್‌ಬಾಬು ಬಂದು ಹೇಳಿ ಹೋದರು. ಬರೋ ಗುರುವಾರ ನಿಶ್ಚಿತಾರ್ಥ. ಗಂಡು ಗೌರಿಬಿದನೂರಿನವನಂತೆ. ನೀನೂ ಬಾ ಜೊತೆಗೆ, ಹುಡುಗಿ ನಿನ್ನ ಮುಂದೆ ಚೆನ್ನಾಗಿ ನಗ್ತಾಳೆ. ಎಡಿಟಿಂಗ್ ನಿನ್ನದೇ. ಮುಖದ ಮೇಲೆ ಒಂದು ಚುಕ್ಕೆ ಇರಬಾರದು.”

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವಳ ಎಡಗೆನ್ನೆಯ ಮೇಲೆ ಸೀತಾಳೆ ಸಿಡುಬಿನ ಸಣ್ಣ ಗುಳಿ ಇದೆ. ನಕ್ಕಾಗ ಮಾತ್ರ ಕಾಣುತ್ತದೆ. ಅದನ್ನು ನಾನು ತೆಗೆಯಬೇಕಂತೆ.

ಸೆಪ್ಟೆಂಬರ್ 2, ಸೋಮವಾರ, ಬೆಳಗ್ಗೆ

ಸ್ಟುಡಿಯೋಗೆ ಹೋಗಲಿಲ್ಲ.

ಕಳಿಸಿಬಿಟ್ಟೆ. ಪೂರ್ತಿ ಫ್ರೇಮ್. ತಿದ್ದದೆ, ಕ್ರಾಪ್ ಮಾಡದೆ. ಹುಳ, ಬೆನ್ನ ಮೇಲಿನ ಚುಕ್ಕೆ, ಬಲಗಡೆ ಕಿಟಕಿ, ಎತ್ತಿದ ನೆಟ್, ಕೆಂಪು ಮಸುಕು. ಕೆಳಗೆ ಬರೆದೆ — ‘ನಾನೇ ಎತ್ತಿದ್ದು. ಬೆಳಕಿಗೋಸ್ಕರ. ಇಳಿಸೋದು ಮರೆತೆ. ಆಮೇಲೆ ಗೊತ್ತಾದ್ರೂ ಹೆದರಿಕೊಂಡು ಹೇಳಲಿಲ್ಲ.’

ಎರಡು ಟಿಕ್. ನೀಲಿ ಆಗಿಲ್ಲ. ಹುಳದ ಮನೆ ತೊಳೆಯುತ್ತಿರಬಹುದು.

10.20

ನೀಲಿ ಆಯಿತು.

ಮಾತಿಲ್ಲ. ಒಂದು ಫೋಟೋ ಬಂತು. ಫೋಕಸ್ ತಪ್ಪಿದೆ. ಅಂಗೈಯ ಗೆರೆಗಳು ಶಾರ್ಪ್, ಮೇಲಿರುವ ಕೆಂಪು ವಸ್ತು ಮಂಜು. ಆದರೂ ಕಾಣುತ್ತದೆ, ಒಂದು ಹಲ್ಲು ಮುರಿದಿದೆ.

ಆಮೇಲೆ ಒಂದೊಂದಾಗಿ ಬಂದವು. ಹಾಗೇ ಬರೆದಿಟ್ಟುಕೊಳ್ಳುತ್ತಿದ್ದೇನೆ.

‘ಆಗಸ್ಟ್ ಹದಿನೈದರ ಬೆಳಗ್ಗೆನೇ ಸಿಕ್ತು. ಅವತ್ತೇ ನೆಟ್ ಮುಚ್ಚಿದೆ.’

‘ಯಾರು ಎತ್ತಿದ್ದು ಅಂತ ಅಪ್ಪ ಕೇಳಿದ್ರು. ನಾನೇ ಅಂದೆ. ಗಾಳಿ ಬರ್ಲಿ ಅಂತ ಎತ್ತಿದ್ದೆ ಅಂದೆ. ನಿನ್ನ ಹೆಸ್ರು ಹೇಳಿದ್ರೆ ಮಾತು ನಮ್ಮನೇಲಿ ನಿಲ್ತಿರ್ಲಿಲ್ಲ ಕಣೇ. ಊರೋರು ಅದನ್ನ ಎಲ್ಲೆಲ್ಲಿಗೋ ಒಯ್ತಿದ್ರು.’

‘ನಂಗೆ ಒಬ್ಳಿಗೆ ಹೇಳ್ತೀಯ ಅನ್ಕೊಂಡೆ. ಅದಕ್ಕೇ ಅವತ್ತು ಫೋನ್ ಮಾಡಿ ಕೇಳ್ದೆ.’

‘ನೀನು ಇಲ್ಲ ಅಂದೆ.’

10.45

ಎಷ್ಟು ಸಲ ಓದಿದೆನೋ. ನಾನು ಇಷ್ಟು ದಿನ ಹೆದರಿದ್ದು ಅವರು ನನ್ನ ಹೆಸರು ಹೇಳಿಬಿಡುತ್ತಾರೆ ಎಂದು. ಅವಳು ಹೇಳದೆ ತನ್ನ ಹೆಸರು ಕೊಟ್ಟುಬಿಟ್ಟಿದ್ದಾಳೆ. ಬೀಗದ ಕೈಯನ್ನೂ ಕೊಟ್ಟಿದ್ದಾಳೆ. ಗುರುವಾರ ಸೀರೆ ಉಟ್ಟು ಕೂರುತ್ತಾಳೆ.

ಅಮ್ಮಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಹೇಳಿದೆ, ನೆಟ್ಟಿನಿಂದ ಹಿಡಿದು. ಬೈಯುತ್ತಾಳೆ ಎಂದುಕೊಂಡೆ. ಮಂಚದ ತುದಿಯಲ್ಲಿ ಕೂತಳು.

“ಹೋಗಲೇಬೇಕಾ?” ಎಂದಳು.

ಹೂಂ ಎಂದೆ.

“ಹಾಗಾದರೆ ನಾನೂ ಬರ್ತೀನಿ,” ಎಂದು ಬುರ್ಖಾ ತೆಗೆದುಕೊಳ್ಳಲು ಒಳಗೆ ಹೋಗಿದ್ದಾಳೆ.

ಹರಿತಾಳಿಗೆ ಬರೆದೆ — ‘ಈಗಲೇ ಹೊರಡ್ತಿದೀನಿ. ನಿಮ್ಮಪ್ಪನ ಮುಂದೆ ನಾನೇ ಹೇಳ್ತೀನಿ. ಊರು ಏನಾದ್ರೂ ಅನ್ಲಿ. ಗುರುವಾರಕ್ಕೆ ಮುಂಚೆ ಹೇಳ್ಬೇಕು. ಬರ್ಲಾ?’

ನೀಲಿ ಆಯಿತು. ಟೈಪಿಂಗ್ ಅಂತ ಬಂತು.

ನಿಂತಿತು.

ಅಮ್ಮಿ ಚಪ್ಪಲಿ ಮೆಟ್ಟಿದ ಸದ್ದು. ಮತ್ತೆ ಟೈಪಿಂಗ್ ಅಂತ ಬರುತ್ತಿದೆ. ಮತ್ತೆ ನಿಂತಿತು. ಮತ್ತೆ —